ಚಿಂತೆಯನ್ನು ದೇವರ ಮೇಲೆ ಹಾಕೋದು ಅಂದರೆ ನಿಜವಾಗಿ ಏನು ಮಾಡಬೇಕು?

ಹೊಸಬೆಳಕು_ಬೆಂಗಳೂರು

ಎಲ್ಲರಿಗೂ ವಂದನೆಗಳು. ಸತ್ಯವೇದದ 1 ಪೇತ್ರ 5:7ರ ಮೇಲೆ ಪ್ರಸಂಗ ಕೇಳದ ವಿಶ್ವಾಸಿ ಯಾರೂ ಇರಲಿಕ್ಕಿಲ್ಲ. ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅಂತಾರೆ, ನಾವೂ ಆಮೆನ್ ಅಂತೀವಿ. ಆದರೆ ಸಾಲದ ಕಂತು, ಸ್ಕ್ಯಾನ್ ರಿಪೋರ್ಟು, ಕೆಲಸ ಉಳಿಯುತ್ತೋ ಇಲ್ವೋ ಅನ್ನೋ ಭಯ ಎದುರಿಗಿದ್ದಾಗ, ಪ್ರಾರ್ಥಿಸಿ ಎದ್ದ ಹತ್ತು ನಿಮಿಷಕ್ಕೇ ಅದೇ ಚಿಂತೆ ವಾಪಸ್ ಬಂದು ಕೂರುತ್ತೆ. ಜೊತೆಗೆ "ನನ್ನ ನಂಬಿಕೆ ಸಾಲದು" ಅನ್ನೋ ಇನ್ನೊಂದು ಚಿಂತೆ ಬೇರೆ.

"ಬಿಟ್ಟುಬಿಡಿ, ದೇವರು ನೋಡ್ಕೋತಾರೆ" ಅನ್ನೋ ಉತ್ತರ ಬೇಡ. ಕೂತು ಏನು ಮಾಡಬೇಕು, ಎಷ್ಟು ಹೊತ್ತು, ಯಾವ ವಾಕ್ಯ, ಎಲ್ಲಿ ತಪ್ಪುತ್ತೆ, ಅದನ್ನು ತಿಳಿದವರು ಹೇಳಿ. ರಾತ್ರಿ ಎಚ್ಚರವಾದಾಗ ಏನು ಮಾಡೋದು ಅಂತಲೂ.

ವೇದಪಾಠ_ಧಾರವಾಡ

ಮೊದಲಿಗೆ ಒಂದು ಮಾತು ತಿಳ್ಕೋರಿ. ಚಿಂತೆ ವಾಪಸ್ ಬಂತು ಅಂದರೆ ಪ್ರಾರ್ಥನೆ ಕೆಟ್ಟಿತು ಅಂತ ಅರ್ಥ ಅಲ್ಲ. "ಯಾವುದಕ್ಕೂ ಚಿಂತೆ ಮಾಡಬೇಡಿ" ಅಂತ ಫಿಲಿಪ್ಪಿಯವರಿಗೆ ಬರೆದ ಪೌಲನೇ, ಎಲ್ಲಾ ಸಭೆಗಳ ಚಿಂತೆ ದಿನಾ ತನ್ನನ್ನು ಒತ್ತುತ್ತದೆ ಅಂತ 2 ಕೊರಿಂಥ 11:28ರಲ್ಲಿ ಹೇಳ್ತಾನೆ. ಅದೇ ಫಿಲಿಪ್ಪಿ ಪತ್ರದ ಎರಡನೇ ಅಧ್ಯಾಯ ಓದಿ ನೋಡ್ರಿ. ಪೌಲನ ಜೊತೆಕೆಲಸದವ ಎಪಫ್ರೊದೀತ ಕಾಯಿಲೆ ಬಿದ್ದು ಸಾಯೋ ಹಂತಕ್ಕೆ ಹೋಗಿದ್ದ, ಅವನನ್ನು ವಾಪಸ್ ಕಳಿಸಿದರೆ ತನ್ನ ದುಃಖ ಕಡಿಮೆ ಆದೀತು ಅಂತ ಪೌಲ ಮುಚ್ಚುಮರೆ ಇಲ್ಲದೆ ಬರೀತಾನೆ. ಗೆತ್ಸೇಮನೆಯಲ್ಲಿ ಯೇಸುಸ್ವಾಮಿಯೂ ಮೂರನೇ ಸಲ ಅದೇ ಮಾತು ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ 26:44ರಲ್ಲಿ ಇದೆ. ಒಂದೇ ಭಾರವನ್ನು ದಿನಕ್ಕೆ ಇಪ್ಪತ್ತು ಸಲ ಹಾಕಬೇಕಾಗಿ ಬಂದರೆ ಇಪ್ಪತ್ತು ಸಲ ಹಾಕ್ರಿ.

ಇನ್ನು ಹೇಗೆ ಅನ್ನೋದು. ಫಿಲಿಪ್ಪಿ 4:6ರಲ್ಲಿ ಪ್ರಾರ್ಥನೆ, ವಿಜ್ಞಾಪನೆ, ಕೃತಜ್ಞತಾಸ್ತುತಿ ಅಂತ ಮೂರು ಹೇಳಿದೆ. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದಕ್ಕೇ ನಿಲ್ಲಿಸ್ತಾರೆ: "ಕರ್ತನೇ, ಎಲ್ಲಾ ನೀನೇ ನೋಡಿಕೋ". ಭಯ ಮಾತ್ರ ಇಸವಿ ತಾರೀಖು ಸಮೇತ ಇರ್ತದೆ, ಪ್ರಾರ್ಥನೆ ಮೋಡದಂಗ ಇರ್ತದೆ. ಅದಕ್ಕೇ ಮನಸ್ಸಿಗೆ ಏನನ್ನೂ ಒಪ್ಪಿಸಿದಂಗ ಅನ್ನಿಸೋದಿಲ್ಲ.

ಬೆಳಿಗ್ಗೆ ಹದಿನೈದು ನಿಮಿಷ ಸಾಕು. ಮೊದಲ ಮೂರು ನಿಮಿಷ ಒಂದು ಕೀರ್ತನೆಯನ್ನು ದನಿ ತೆಗೆದು ಓದ್ರಿ. ಮನಸ್ಸಿನಲ್ಲಿ ಓದಿದರೆ ಕಣ್ಣು ಓಡ್ತದೆ, ಯೋಚನೆ ಬೇರೆ ಕಡೆ ಇರ್ತದೆ. 27, 46, 62, 121 ಇವು ಶುರು ಮಾಡಲಿಕ್ಕೆ ಒಳ್ಳೆಯವು. ಆಮೇಲೆ ಒಂದು ಹಾಳೆ ತೊಗೊಂಡು, ಏನು ಬೇಕು, ಯಾರಿಗೆ, ಯಾವತ್ತಿಗೆ ಅಂತ ಬಿಡಿಸಿ ಬರೀರಿ. ಉದಾಹರಣೆಗೆ: "ಗುರುವಾರದ ರಿಪೋರ್ಟಿನಲ್ಲಿ ಗಡ್ಡೆ ಕೆಟ್ಟದ್ದಲ್ಲ ಅಂತ ಬರಲಿ. ಹಾಗೆ ಬರದಿದ್ದರೂ ಡಾಕ್ಟರು ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳುವ ಧೈರ್ಯ ಕೊಡು." ಎರಡನೇ ವಾಕ್ಯ ಬಿಡಬಾರದು. ಬರೇ ಮೊದಲನೆಯದನ್ನು ಬರೆದರೆ ರಿಪೋರ್ಟಿನ ಮೇಲೆ ನಂಬಿಕೆ ಇಟ್ಟಂಗ ಆಗ್ತದೆ, ದೇವರ ಮೇಲೆ ಅಲ್ಲ. ಅದರ ಕೆಳಗೆ ಇವತ್ತು ನಮ್ಮ ಕೈಯಲ್ಲಿ ಇರೋ ಕೆಲಸ ಒಂದೇ ಒಂದು: ಬ್ಯಾಂಕಿಗೆ ಫೋನ್ ಮಾಡಿ ಕಂತು ಮುಂದೂಡಲಿಕ್ಕೆ ಆಗ್ತದೋ ಕೇಳೋದು, ಹಳೇ ರಿಪೋರ್ಟು ಹುಡುಕಿಡೋದು, ಅಂಥದ್ದು. ಉಳಿದದ್ದೆಲ್ಲ ನಾಳೆಯ ಪಾಲು. ಮತ್ತಾಯ 6:34 ಹೇಳೋದು ಇಷ್ಟನ್ನೇ, ಆಯಾ ದಿನಕ್ಕೆ ಆ ದಿನದ ಕಾಟ ಸಾಕು ಅಂತ. ಅದೇ ಅಧ್ಯಾಯದ ಆಕಾಶದ ಹಕ್ಕಿಗಳ ಮಾತು ಹೇಳಿ ಕೆಲವರು ಕೈಕಟ್ಟಿ ಕೂಡ್ತಾರೆ. ಹಕ್ಕಿ ಬೆಳಗಾದರೆ ಹಾರಿ ಹೋಗಿ ಹುಡುಕ್ತದೆ, ಗೂಡಿನಲ್ಲಿ ಬಾಯಿ ತೆರೆದು ಕೂಡೋದಿಲ್ಲ!

ಕೆಡೋದು ಎಲ್ಲಿ ಅಂದರೆ, ಆಮೆನ್ ಅಂದ ಮರುಕ್ಷಣ ಮೊಬೈಲ್ ತೆಗೆದು ಆ ಕಾಯಿಲೆ ಹೆಸರು ಹಾಕಿ ಹುಡುಕೋದರಲ್ಲಿ. ಫಿಲಿಪ್ಪಿ 4:7 ಓದಿ ಪುಸ್ತಕ ಮುಚ್ಚಬ್ಯಾಡ್ರಿ, 8 ಮತ್ತು 9ನೇ ವಚನ ಅದರ ಬೆನ್ನಿಗೇ ಅವ: ಯಾವುದನ್ನು ಮನಸ್ಸಿಗೆ ತಂದುಕೊಳ್ಳಬೇಕು, ಏನನ್ನು ಮಾಡ್ತಾ ಹೋಗಬೇಕು ಅಂತ. ಆ ಅಧ್ಯಾಯ ಶುರು ಆಗೋದು ಯುವೊದ್ಯ, ಸಂತುಕೆ ಅನ್ನೋ ಇಬ್ಬರು ಹೆಂಗಸರನ್ನು ಒಂದು ಮಾಡೋ ಮಾತಿನಿಂದ ಅನ್ನೋದನ್ನೂ ಮರೀಬ್ಯಾಡ್ರಿ. ಅಣ್ಣತಮ್ಮಂದಿರ ಜೊತೆ ಆಸ್ತಿ ಜಗಳ ಹಾಗೇ ಇಟ್ಟುಕೊಂಡು ಶಾಂತಿಗಾಗಿ ಉಪವಾಸ ಮಾಡಿದರೆ ಉಪವಾಸ ಅಷ್ಟೇ ಉಳೀತದೆ.

ಕೇಳಿದ್ದು ಸಿಕ್ಕೇ ಸಿಗ್ತದೆ ಅಂತ ಆ 7ನೇ ವಚನದಲ್ಲಿ ಇಲ್ಲ. ದೇವಶಾಂತಿ ನಿಮ್ಮ ಹೃದಯವನ್ನೂ ಯೋಚನೆಗಳನ್ನೂ ಕಾಯ್ತದೆ ಅಂತ ಇದೆ. ಫಿಲಿಪ್ಪಿ ನಿವೃತ್ತ ರೋಮನ್ ಸೈನಿಕರು ನೆಲೆಸಿದ್ದ ಪಟ್ಟಣ, ಬರೆದವನು ಸೆರೆಯಲ್ಲಿದ್ದವನು. ಕಾವಲು ಅಂದರೇನು ಅಂತ ಇಬ್ಬರಿಗೂ ಗೊತ್ತಿತ್ತು. ಶತ್ರು ಹೊರಗೆ ಇರೋವಾಗಲೇ ಕಾವಲು ಬೇಕಾಗೋದು.

ಕರಾವಳಿ_ಕಥೋಲಿಕ

ಧಾರವಾಡದ ಸರ್ ಬೆಳಗಿನ ಪ್ರಾರ್ಥನೆ ಹೇಳಿದ್ದಾರೆ. ನಾನು ರಾತ್ರಿಯ ಬಗ್ಗೆ ಹೇಳುತ್ತೇನೆ.

ಧರ್ಮಸಭೆಯ ರಾತ್ರಿ ಪ್ರಾರ್ಥನೆಯಲ್ಲಿ ಕೀರ್ತನೆ 4, 91, 134 ಹಿಂದಿನಿಂದ ಬಂದವು. ಜೊತೆಗೆ "ನನ್ನ ಆತ್ಮವನ್ನು ನಿಮ್ಮ ಕೈಗೊಪ್ಪಿಸುತ್ತೇನೆ" ಎಂಬ 31ನೇ ಕೀರ್ತನೆಯ ಮಾತು, ಸಿಮೆಯೋನನ ಸ್ತೋತ್ರ (ಲೂಕ 2:29-32). ಎಲ್ಲ ಸೇರಿ ಎಂಟು ಹತ್ತು ನಿಮಿಷ. ದಿನಾ ಹೇಳಿ ಬಾಯಿಪಾಠ ಆದರೆ ಮಧ್ಯರಾತ್ರಿ ಎಚ್ಚರವಾದಾಗ ದೀಪ ಹಾಕದೆಯೇ ಹೇಳಬಹುದು. ಆ ಹೊತ್ತಿನಲ್ಲಿ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಹೋದರೆ ಪ್ರಾರ್ಥನೆ ನಾಲ್ಕನೇ ವಾಕ್ಯಕ್ಕೆ ಮತ್ತೆ ಲೆಕ್ಕಾಚಾರ ಆಗಿರುತ್ತದೆ. ಅದಕ್ಕೆ ಕಲಿತ ಮಾತೇ ಒಳ್ಳೆಯದು. ಜಪಸರ ಇರುವವರು ಹತ್ತು ಮಣಿ ಜಪಿಸಿದರೂ ಆಯಿತು, ಮೂರ್ನಾಲ್ಕು ನಿಮಿಷ ಹಿಡಿಯುತ್ತದೆ. ಅದೂ ಆಗದಷ್ಟು ದಣಿದಿದ್ದರೆ "ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ" ಎಂಬುದನ್ನು ಉಸಿರಿನ ಜೊತೆ ಹೇಳಿ: ಒಳಗೆಳೆಯುವಾಗ ಹೆಸರು, ನಿಧಾನಕ್ಕೆ ಬಿಡುವಾಗ ಉಳಿದ ಮಾತು. ಮಧ್ಯೆ ನಿದ್ದೆ ಬಂದರೆ ತಪ್ಪಿಲ್ಲ, ಬರಲಿ ಎಂದೇ ಹೇಳುವುದು.

ಮಲಗುವ ಮುಂಚೆ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಪರಿಶೋಧನೆ ಹತ್ತು ಹದಿನೈದು ನಿಮಿಷ. ಅವರು ಇಟ್ಟ ಕ್ರಮ ಹೀಗೆ: ಮೊದಲು ದಿನದ ಉಪಕಾರಗಳಿಗೆ ವಂದನೆ, ನಂತರ ಕಾಣುವ ಬೆಳಕಿಗಾಗಿ ಬೇಡಿಕೆ, ಆಮೇಲೆ ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ. ಕ್ರಮ ತಪ್ಪಿಸಬೇಡಿ. ಚಿಂತೆಯ ಸ್ವಭಾವದವರು ನೇರ ಮೂರನೆಯದಕ್ಕೆ ಹಾರುತ್ತಾರೆ, ಆಗ ಅದು ಪ್ರಾರ್ಥನೆಯಾಗದೆ ತಮ್ಮ ಮೇಲೆ ತಾವೇ ನಡೆಸುವ ವಿಚಾರಣೆ ಆಗುತ್ತದೆ. ಹಾಗೆ ಆಗುತ್ತಿದೆ ಎನಿಸಿದರೆ ಒಂದು ವಾರ ಮೊದಲ ಹೆಜ್ಜೆ ಮಾತ್ರ ಮಾಡಿ.

ಅವರ ಇನ್ನೊಂದು ನಿಯಮ ಇಂದಿಗೂ ಚಿನ್ನದಂಥದ್ದು. ಮನಸ್ಸು ಬರಡಾಗಿ ಕತ್ತಲು ಕವಿದ ಹೊತ್ತಿನಲ್ಲಿ ಹಿಂದೆ ಸಮಾಧಾನದಲ್ಲಿ ಮಾಡಿದ ನಿರ್ಧಾರ ಬದಲಿಸಬಾರದು. ರಾತ್ರಿ ಎರಡು ಗಂಟೆಗೆ ರಾಜೀನಾಮೆ ಪತ್ರ ಬರೆಯುವುದು, ಚಿನ್ನ ಮಾರಲು ತೀರ್ಮಾನಿಸುವುದು, ಯಾರಿಗೋ ಉದ್ದ ಮೆಸೇಜ್ ಕಳಿಸುವುದು, ಇವು ಯಾವುವೂ ಬೇಡ. ಬದಲಿಸಬೇಕಾದದ್ದೇ ಆಗಿದ್ದರೆ ಹಗಲಿನಲ್ಲೂ ಹಾಗೆಯೇ ಕಾಣುತ್ತದೆ.

ವೇದಪಾಠ_ಧಾರವಾಡ

ನಮ್ಮ ಕಡೆಯದನ್ನೂ ಒಂದು ಸೇರಿಸ್ತೀನಿ. ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರ ಕಿರು ಪ್ರಶ್ನೋತ್ತರದಲ್ಲಿ ರಾತ್ರಿಗೆ ಹೇಳಿದ್ದು: ಶಿಲುಬೆಯ ಗುರುತು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಒಂದು ಸಣ್ಣ ಪ್ರಾರ್ಥನೆ, ಆಮೇಲೆ ತಡಮಾಡದೆ ಸಂತೋಷದಿಂದ ನಿದ್ದೆ. ಪ್ರಾರ್ಥನೆ ಮುಗಿದ ಮೇಲೂ ಕೂತು ಯೋಚನೆ ಮಾಡ್ರಿ ಅಂತ ಇಲ್ಲ.

ಪ್ರಶ್ನಾರ್ಥಕ_ಹಾಸನ

ಕ್ಷಮಿಸಿ, ಇದೆಲ್ಲ ತೀರಾ ಯಾಂತ್ರಿಕ ಅನ್ನಿಸ್ತಿದೆ. ನಿಮಿಷ ಲೆಕ್ಕ, ಹಾಳೆ, ಕ್ರಮ... ಮಗು ತಂದೆ ಹತ್ತಿರ ಹೋಗೋಕೆ ಇಷ್ಟೆಲ್ಲ ಬೇಕಾ?

ವೇದಪಾಠ_ಧಾರವಾಡ

ಬೇಡ್ರಿ, ಹೋಗಲಿಕ್ಕೆ ಬರೋವರಿಗೆ ಬೇಡ. ಪ್ರಶ್ನೆ ಕೇಳಿದವರು ಹೋಗಲಿಕ್ಕೆ ಆಗ್ತಿಲ್ಲ ಅಂತಿದ್ದಾರೆ. 131ನೇ ಕೀರ್ತನೆಯಲ್ಲಿ ತಾಯಿ ಮಡಿಲಲ್ಲಿರೋದು ಮೊಲೆ ಬಿಟ್ಟ ಕೂಸು. ಹಾಲಿಗೆ ಅಳೋ ಕೂಸಲ್ಲ, ಅಳೋದು ಮುಗಿಸಿ ಸುಮ್ಮನೆ ಕೂಡಲಿಕ್ಕೆ ಕಲಿತದ್ದು. ಆ ಕೀರ್ತನೆಗಾರನೂ ತನ್ನ ಪ್ರಾಣವನ್ನು ತಾನೇ ಸಮಾಧಾನ ಮಾಡಿಕೊಂಡೆ ಅಂತಾನೆ. ಸೆರೆಯಲ್ಲಿದ್ದ ಪೌಲನೂ ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರೋದನ್ನು "ಕಲಿತುಕೊಂಡಿದ್ದೇನೆ" ಅಂತ ಬರೀತಾನೆ, ಫಿಲಿಪ್ಪಿ 4:11. ಕಲಿಯೋದಕ್ಕೆ ಅಭ್ಯಾಸ ಬೇಕಾಗ್ತದೆ. ಬಂದ ಮೇಲೆ ಹಾಳೆ ಹರಿದು ಬಿಸಾಕ್ರಿ.

ಹೊಸಬೆಳಕು_ಬೆಂಗಳೂರು

ತುಂಬ ಉಪಯೋಗ ಆಯ್ತು. ಕೃತಜ್ಞತಾಸ್ತುತಿ ವಿಷಯದಲ್ಲಿ ಮಾತ್ರ ಸಿಕ್ಕಿಕೊಂಡಿದ್ದೀನಿ. ಕಾಯಿಲೆಗೇ ಸ್ತೋತ್ರ ಹೇಳಬೇಕು, ಹೇಳಿದರೆ ಶಾಂತಿ ಬರುತ್ತೆ ಅಂತ ಕೆಲವು ಕಡೆ ಕಲಿಸ್ತಾರೆ. ಬಾಯಿ ಹೇಳುತ್ತೆ, ಹೊಟ್ಟೆಯೊಳಗೆ ಸಿಟ್ಟು ಕುದೀತಿರುತ್ತೆ.

ಸಂಡೇಸ್ಕೂಲ್_ಟೀಚರ್

ಸುಳ್ಳು ಸ್ತೋತ್ರ ಬೇಡ. 13ನೇ ಕೀರ್ತನೆ ತೆಗೀರಿ, ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಅಂತ ನಾಲ್ಕು ಸಲ ದೇವರನ್ನೇ ಕೇಳ್ತಾನೆ ದಾವೀದ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡಕ್ಕೆ ಬಂದಾಗ ಮಾತ್ರ ಭರವಸೆ, ಹಾಡು. ಸಿಟ್ಟಿದ್ದರೆ ಅದನ್ನು ಮೊದಲ ಭಾಗದಲ್ಲಿ ಹೇಳಬೇಕು, ಮೂರನೇ ಭಾಗದಿಂದ ಶುರು ಮಾಡಿದರೆ ಅದು ಒಳಗೇ ಉಳಿಯುತ್ತೆ. ಇದೇ ಅಳತೆಯಲ್ಲಿ ನೀವೂ ಆರು ಸಾಲು ಬರೀರಿ: ಎರಡು ದೂರು, ಎರಡು ಬೇಡಿಕೆ, ಎರಡು ಭರವಸೆ. ಕೊನೆಯ ಎರಡು ಬರಲೇ ಇಲ್ಲ ಅಂದರೆ ಖಾಲಿ ಬಿಡಿ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತೆ, ಅದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ.

ವಂದನೆ ಹೇಳೋದು ಗಡ್ಡೆಗಲ್ಲ. ಕಳೆದ ಒಂದು ದಿನದಲ್ಲಿ ಕೈಗೆ ಸಿಕ್ಕ ಮೂರು ಸಂಗತಿಗಳಿಗೆ, ಹೆಸರು ಹಿಡಿದು. "ಎಲ್ಲಾ ಆಶೀರ್ವಾದಕ್ಕೂ ವಂದನೆ" ಅಂತ ಒಟ್ಟಾರೆ ಬೇಡ. ಆಸ್ಪತ್ರೆ ಕ್ಯೂನಲ್ಲಿ ಕೂರಲು ಜಾಗ ಬಿಟ್ಟವರು, ಪಕ್ಕದ ಮನೆಯಿಂದ ಬಂದ ಸಾರು, ನೋವಿಲ್ಲದೆ ಕಳೆದ ಒಂದು ಗಂಟೆ, ಹೀಗೆ. 77ನೇ ಕೀರ್ತನೆಯಲ್ಲಿ ಆಸಾಫನೂ ಹತ್ತು ವಚನ ದೂರು ಹೇಳಿ, ಹನ್ನೊಂದರಿಂದ ದೇವರು ಹಿಂದೆ ಮಾಡಿದ್ದನ್ನು ಒಂದೊಂದಾಗಿ ನೆನಪು ಮಾಡ್ಕೋತಾನೆ. ಭಯ ಮುಂದಿನದನ್ನೇ ನೋಡಿಸುತ್ತೆ, ನೆನಪು ಹಿಂದಕ್ಕೆ ತಿರುಗಿಸುತ್ತೆ.

ಆಪ್ತಸಮಾಲೋಚಕಿ_ಮೈಸೂರು

ಇಲ್ಲಿಯವರೆಗೆ ಯಾರೂ ಹೇಳದ ಒಂದು ಭಾಗ ಇದೆ. ಎಲ್ಲ ಕಳವಳವೂ ನಂಬಿಕೆಯ ವಿಷಯವಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಊಟ ಕೆಟ್ಟಿದ್ದರೆ, ಎದೆ ಹಿಡಿದಂತಾಗಿ ಕೈ ನಡುಗುವುದು ಮತ್ತೆ ಮತ್ತೆ ಆಗುತ್ತಿದ್ದರೆ, ಕೆಲಸಕ್ಕೆ ಹೋಗಲೂ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಹೆಚ್ಚಾದರೂ ಇದೇ ರೀತಿ ಆಗುತ್ತದೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಭಾನುವಾರದವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ ಶುರು ಮಾಡಿದವರಿಗೆ: ಕಳವಳಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಪರಿಣಾಮ ತೋರಿಸಲು ಕೆಲವು ವಾರ ಬೇಕು. ಮೊದಲ ವಾರದಲ್ಲೇ "ಇದೂ ಇಲ್ಲ, ಪ್ರಾರ್ಥನೆಯೂ ಇಲ್ಲ" ಎಂದು ಕೈಬಿಡುವವರಿದ್ದಾರೆ. ಉಜ್ಜೀವನ ಕೂಟದಲ್ಲಿ ಕೈ ಇಟ್ಟು ಪ್ರಾರ್ಥಿಸಿದರು ಎಂದು ಆ ರಾತ್ರಿಯೇ ಮಾತ್ರೆ ನಿಲ್ಲಿಸುವುದು ಇನ್ನೂ ಅಪಾಯ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರುತ್ತದೆ. ಅದನ್ನು ಸೈತಾನನ ಕಾಟ ಎಂದು ಇನ್ನೊಂದು ಕೂಟಕ್ಕೆ ಕರೆದೊಯ್ಯುತ್ತಾರೆ. ವಾಸಿಯಾಗಿದೆ ಎನಿಸಿದರೆ ಬರೆದುಕೊಟ್ಟ ಡಾಕ್ಟರೇ ಹಂತ ಹಂತವಾಗಿ ಇಳಿಸಲಿ, ಸಾಕ್ಷಿ ಹೇಳುವುದು ಆಮೇಲೆ ಇದ್ದೇ ಇದೆ.

1 ಅರಸುಗಳು 19 ನೋಡಿ. ಸಾಯಬೇಕು ಎಂದು ಮರದಡಿ ಮಲಗಿದ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ, ಎಬ್ಬಿಸಿ ಮತ್ತೊಮ್ಮೆ ಊಟ. "ಇಲ್ಲೇನು ಮಾಡುತ್ತೀ" ಎಂಬ ಪ್ರಶ್ನೆ ಬಂದದ್ದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನಂಬಿಕೆ ಕಡಿಮೆ ಎಂದು ಯಾರೂ ಬೈಯಲಿಲ್ಲ.

ಹೊಸಬೆಳಕು_ಬೆಂಗಳೂರು

ಕೊನೆಯದಾಗಿ ಒಂದು. ಒಂದೇ ವಿಷಯಕ್ಕೆ ಎಷ್ಟು ಕಾಲ ಬೇಡಬೇಕು? ಪೌಲ ತನ್ನ ಶರೀರದ ಮುಳ್ಳು ತೆಗೆಯಲಿ ಅಂತ ಮೂರು ಸಲ ಬೇಡಿ ನಿಲ್ಲಿಸಿದ (2 ಕೊರಿಂಥ 12), ನ್ಯಾಯಾಧೀಶನ ಹತ್ತಿರ ನ್ಯಾಯ ಕೇಳ್ತಿದ್ದ ಲೂಕ 18ರ ವಿಧವೆ ಮಾತ್ರ ಬಿಡಲೇ ಇಲ್ಲ. ಮತ್ತೆ, ಪ್ರಾರ್ಥನೆಯ ವಾಟ್ಸಾಪ್ ಗ್ರೂಪಿಗೆ ವಿಷಯ ಹಾಕಬಹುದಾ?

ವೇದಪಾಠ_ಧಾರವಾಡ

ಪೌಲ ನಿಲ್ಲಿಸಿದ್ದು ಉತ್ತರ ಬಂದದ್ದಕ್ಕೆ: "ನನ್ನ ಕೃಪೆಯೇ ನಿನಗೆ ಸಾಕು". ವಿಧವೆಗೆ ಇನ್ನೂ ಬಂದಿರಲಿಲ್ಲ. ಹಾಗಾಗಿ ವಿಷಯ ಒಂದು ಕಡೆ ತೀರ್ಮಾನ ಆಗೋವರೆಗೂ ಬೇಡ್ರಿ. ತೀರ್ಮಾನ ಆದ ದಿನ ಹಾಳೆಯ ಮೇಲೆ ತಾರೀಖು ಹಾಕಿ, ಆಯಿತು ಅಥವಾ ಆಗಲಿಲ್ಲ ಅಂತ ಬರೀರಿ. ಆಗಲಿಲ್ಲ ಅನ್ನೋದನ್ನು ಮುಚ್ಚಿಡಬ್ಯಾಡ್ರಿ. ಅಂಥ ದಿನ ಹಾಳೆಯ ಎರಡನೇ ವಾಕ್ಯ ಮತ್ತೆ ಓದ್ರಿ, ಧೈರ್ಯ ಕೇಳಿದ್ದಿರಲ್ಲ, ಅದು ಬಂತೋ ಅಂತ.

ಗ್ರೂಪಿನ ವಿಷಯ ಮೈಸೂರಿನ ಸಿಸ್ಟರ್ ಹೇಳಲಿ.

ಆಪ್ತಸಮಾಲೋಚಕಿ_ಮೈಸೂರು

ನಿಮ್ಮದೇ ವಿಷಯವಾದರೆ ಹಾಕಿ, ಬೇರೆಯವರದ್ದಾದರೆ ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ರಿಪೋರ್ಟಿನ ಫೋಟೋ ಅಂತೂ ಬೇಡವೇ ಬೇಡ. ಇನ್ನೂರು ಜನರ ಗ್ರೂಪಿನಲ್ಲಿ ಮೊದಲು ಬರುವುದು ಕೈಮುಗಿದ ಚಿತ್ರಗಳು, ಆಮೇಲೆ ಕಷಾಯದ ಸಲಹೆಗಳು, ಸಂಜೆಯೊಳಗೆ ನೆಂಟರ ಫೋನು. ಹೆಸರು ಹಿಡಿದು ದಿನಾ ಪ್ರಾರ್ಥಿಸುವ, ಬಾಯಿ ಬಿಗಿ ಇರುವ ಇಬ್ಬರು ಮೂವರು ಸಿಕ್ಕರೆ ಸಾಕು. ನಿಮ್ಮ ಸಭೆಯ ಅಯ್ಯನವರನ್ನೋ ಫಾದರನ್ನೋ ಕೇಳಿದರೆ ಅಂಥವರು ಯಾರೆಂದು ಅವರಿಗೆ ಗೊತ್ತಿರುತ್ತದೆ.