ಮನೆ ಗುಂಪಿನಲ್ಲಿ ಗೂರಲಿನ ಜಗಳ

ಅಕ್ಕ: (ಪೇಪರ್ ಕಟಿಂಗ್ ಫೋಟೊ) ಎಲ್ಲರೂ ಓದಿ. ಗಾಡಿಗಳ ಹೊಗೆ ಹೆಚ್ಚಿದ ಹಾಗೆ ಮಕ್ಕಳಲ್ಲಿ ಗೂರಲು, ಅಂದರೆ ಆಸ್ತಮಾ, ಹೆಚ್ಚಿದೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರ ಲೆಕ್ಕ. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳಲ್ಲಿ ಆಸ್ತಮಾ 1979ರಲ್ಲಿ ನೂರಕ್ಕೆ 9 ಇತ್ತು, 1999ಕ್ಕೆ 29.5 ಆಯಿತು.

ದೊಡ್ಡಪ್ಪ: ಆಸ್ಪತ್ರೆಗೆ ಕಾಯಿಲೆಯವರಲ್ಲದೆ ಇನ್ಯಾರು ಬರುತ್ತಾರಮ್ಮ? ಮದುವೆ ಊಟಕ್ಕೆ ಬಂದವರನ್ನು ಎಣಿಸಿ ಊರಿಗೆಲ್ಲ ಹಸಿವು ಅಂದ ಹಾಗಾಯಿತು. ಬೆಂಗಳೂರಿನ ಹವೆಯೇ ಹಾಗೆ. ಥಂಡಿ, ಪಾರ್ಥೇನಿಯಂ ಕಳೆ. ನನಗೆ ಚಿಕ್ಕಂದಿನಲ್ಲೇ ಗೂರಲು ಇತ್ತು, ಆಗ ಎಲ್ಲಿತ್ತು ಟ್ರಾಫಿಕ್ಕು?

ಅಕ್ಕ: ಅದು ಸರಿಯಾದ ಪ್ರಶ್ನೆ. ಅವರು ಶಾಲೆಗಳಲ್ಲೂ ನೋಡಿದ್ದಾರೆ ದೊಡ್ಡಪ್ಪ. 12 ಶಾಲೆ, 6,550 ಮಕ್ಕಳು. ವಾಹನ ಕಡಿಮೆ ಇರುವ ಕಡೆ ನೂರಕ್ಕೆ 11, ಜಾಸ್ತಿ ಇರುವ ಕಡೆ 19. ವಾಹನದ ಜೊತೆ ಬಡತನವೂ ಇರುವ ಕಡೆ 31! ಹವೆ ಮೂರೂ ಕಡೆ ಒಂದೇ ಅಲ್ವಾ?

ಅಣ್ಣ: ಅದು ಟೂ ಸ್ಟ್ರೋಕ್ ಆಟೋ ಕಾಲದ ಲೆಕ್ಕ. 2020ರಿಂದ ಹೊಸ ಗಾಡಿಗಳ ಹೊಗೆಗೆ ಬಿಎಸ್ 6 ನಿಯಮ ಬಂದಿದೆ. ಹಳೇ ಕಟಿಂಗ್ ಹಾಕಿ ಸುಮ್ನೆ ಹೆದರಿಸಬೇಡ.

ಅಕ್ಕ: ಒಂದೊಂದು ಹೊಸ ಗಾಡಿಯ ಹೊಗೆ ಕಡಿಮೆ, ಒಪ್ಪಿದೆ. ಆದರೆ ಊರಿನ ಗಾಡಿಗಳು ಒಂದು ಕೋಟಿ ದಾಟಿವೆ, ಹಳೇ ಡೀಸೆಲ್ ಗಾಡಿಗಳೂ ಓಡುತ್ತಲೇ ಇವೆ. ಪಾರ್ಥೇನಿಯಂ ಇಲ್ಲ ಅಂತ ನಾನೂ ಹೇಳುತ್ತಿಲ್ಲ, ಹೂವಿನ ಧೂಳಿನ ಜೊತೆ ಡೀಸೆಲ್ ಮಸಿಯೂ ಒಳಗೆ ಹೋದರೆ ಅಲರ್ಜಿ ಇನ್ನೂ ಕೆರಳುತ್ತದೆ.

ಚಿಕ್ಕಮ್ಮ: ಮೊದಲು ನಿನ್ನ ಪುಟ್ಟನಿಗೆ ಆ ಪಂಪು, ಅದೇ ಇನ್ಹೇಲರ್, ಬಿಡಿಸು. ಅಭ್ಯಾಸ ಆಗಿಬಿಡುತ್ತದೆ. ಮೃಗಶಿರಕ್ಕೆ ಹೈದರಾಬಾದಿಗೆ ಕರೆದುಕೊಂಡು ಹೋಗಿ ಮೀನಿನ ಔಷಧಿ ಹಾಕಿಸು. ಮೀನು ಬೇಡ ಅಂದರೆ ಬೆಲ್ಲದಲ್ಲಿ ಕೊಡುತ್ತಾರೆ.

ಅಕ್ಕ: ಚಿಕ್ಕಮ್ಮ, ಪಂಪಿನ ಔಷಧಿ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಅದರಿಂದ ಚಟ ಹತ್ತುವುದಿಲ್ಲ. ಹೋದ ತಿಂಗಳು ನೀವೆಲ್ಲ ಹೇಳಿದಿರಿ ಅಂತ ನಾಲ್ಕು ದಿನ ನಿಲ್ಲಿಸಿದೆ. ಐದನೇ ದಿನ ರಾತ್ರಿ ಎರಡು ಗಂಟೆಗೆ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ನೆಬ್ಯುಲೈಸರ್ ಹಿಡಿದಿದ್ದವಳು ನಾನು, ನೀವಲ್ಲ.

ಚಿಕ್ಕಮ್ಮ: ಆಯಿತಮ್ಮ, ಬೈಬೇಡ.

ಅಕ್ಕ: ಅಣ್ಣ, ಬೇಜಾರು ಮಾಡಿಕೊಳ್ಳಬೇಡ. ಸಂಜೆ ಶಾಲೆ ಗೇಟಿನ ಮುಂದೆ ಎಸಿ ಹಾಕಿಕೊಂಡು ಇಪ್ಪತ್ತು ನಿಮಿಷ ಎಂಜಿನ್ ಆನ್ ಇಟ್ಟು ಕೂರುತ್ತೀಯ. ನಿನ್ನ ಹಿಂದೆ ಇನ್ನೂ ಹತ್ತು ಗಾಡಿ. ಎಲ್‌ಕೆಜಿ ಮಕ್ಕಳು ಆ ಸೈಲೆನ್ಸರ್‌ಗಳ ನಡುವೆಯೇ ನುಸುಳಿಕೊಂಡು ಬರಬೇಕು.

ಅಣ್ಣ: ಸೆಕೆ ಕಣೇ.

ದೊಡ್ಡಪ್ಪ: ಸೆಕೆ ಆದರೆ ಕಿಟಕಿ ಇಳಿಸು.

ಅಣ್ಣ: ಇಳಿಸಿದರೆ ಮುಂದಿನ ಗಾಡಿ ಹೊಗೆಯೆಲ್ಲ ಒಳಗೆ ಬರುತ್ತದೆ ದೊಡ್ಡಪ್ಪ!

ಅಕ್ಕ: ಹಾಂ. ಈಗ ಹೇಳಿದೆ ನೋಡು.