ಹಳೆ ಮಾರುತಿ ಎಂಟುನೂರಕ್ಕೆ 20 ಸಾವಿರದಲ್ಲಿ ಬಣ್ಣ ಆಗ್ತದಾ?

ಕೇಳಿದವರು, ಉಡುಪಿ ಸಂತೆಕಟ್ಟೆ:

ನನ್ನದು 2006ರ ಮಾರುತಿ 800, ಬಿಳಿ, ಕೆಎ-20. ಅಪ್ಪ ತೆಗೆದ ಕಾರು. ಇಂಜಿನ್‌ನದ್ದು ಎಂತ ತಕರಾರೂ ಇಲ್ಲ. ಬಾನೆಟ್, ರೂಫ್ ಮಾತ್ರ ಸುಣ್ಣ ಬಳಿದ ಗೋಡೆ ಹಾಗೆ ಆಗಿದೆ, ಎಡಗಡೆ ಬಾಗಿಲಿನ ಬುಡದಲ್ಲಿ ಗುಳ್ಳೆ ಎದ್ದಿದೆ. 2021ರಲ್ಲಿ ಆರ್‌ಸಿ ರಿನ್ಯೂವಲ್ ಮಾಡಿಸಿದ್ದು, 2026ಕ್ಕೆ ಪುನಃ ಆರ್‌ಟಿಒದವರಿಗೆ ತೋರಿಸಬೇಕು. ಕೈಯಲ್ಲಿರುವುದು 20 ಸಾವಿರ. ಒಂದು ಗ್ಯಾರೇಜಿನಲ್ಲಿ 45 ಅಂದ್ರು, ಇನ್ನೊಂದರಲ್ಲಿ 16ಕ್ಕೆ ಫುಲ್ ಬಾಡಿ, ನಾಲ್ಕೇ ದಿನ ಅಂದ್ರು. ಮಾಡಿಸಿದವರಿದ್ದರೆ ಹೇಳಿ. ನೀಲಿ ಮಾಡಿಸುವ ಅಂತ ಮಗಳ ಆಸೆ ಬೇರೆ.

ಕಾಪುವಿನ ಓಮ್ನಿಯವರು:

ಆ ನಾಲ್ಕು ದಿನದವರ ಹತ್ತಿರ ಹೋಗ್ಬೇಡಿ ಮಾರಾಯ್ರೆ. ನಾನು ಹೋಗಿ ಬಂದವ. ನಮ್ಮ ಮನೆಯಿಂದ ಸಮುದ್ರಕ್ಕೆ ಅರ್ಧ ಕಿಲೋಮೀಟರ್, ಉಪ್ಪು ಗಾಳಿಗೆ ಗೇಟಿನ ಚಿಲಕವೇ ಉಳಿಯುವುದಿಲ್ಲ, ಇನ್ನು ಓಮ್ನಿ ಉಳಿಯುತ್ತದಾ? ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಯಲ್ಲಿ) ಗ್ಯಾರೇಜು ಖಾಲಿ ಇರ್ತದೆ, ರೇಟು ಕಮ್ಮಿ ಅಂತ ಕೊಟ್ಟೆ. ಟಾರ್ಪಲಿನ ಶೆಡ್ಡು, ಹೊರಗೆ ಜಡಿಮಳೆ. ತುಕ್ಕಿನ ಮೇಲೆಯೇ ಗುಂಡಿ ಮುಚ್ಚುವ ಪುಟ್ಟಿ ಮೆತ್ತಿ, ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಹೊಡೆದು, ಸರಿಯಾಗಿ ಒಣಗುವ ಮೊದಲೇ ಬಣ್ಣದ ಅಡಿಗೆ ಬಳಿಯುವ ಪ್ರೈಮರ್ ಎಳೆದರು. ತರುವಾಗ ಮದುಮಗಳ ಹಾಗಿತ್ತು. ದೀಪಾವಳಿಗೆ ಬಾಗಿಲ ಬುಡದಲ್ಲಿ ಹಪ್ಪಳದ ಹಾಗೆ ಗುಳ್ಳೆ. ಕೇಳಿದರೆ "ನಿಮ್ಮ ಮನೆ ಸಮುದ್ರದ ಹತ್ತಿರ ಅಲ್ವಾ" ಅಂದರು. ಅದು ನನಗೆ ಮೊದಲೇ ಗೊತ್ತಿತ್ತು.

ಬೈಕಂಪಾಡಿ ಕಡೆ ಟಿಂಕರಿಂಗ್ (ಗಾಡಿ ತಗಡಿನ) ಕೆಲಸದವ:

ಮೇಲಿನವರು ಹೇಳಿದ್ದು ಸರಿ. ಆದರೆ 16 ಅಂದವನು ಕಳ್ಳ, 45 ಅಂದವನು ಸಾಚಾ ಅಂತಲೂ ತಿಳೀಬೇಡಿ. ಎಂಟುನೂರು ಸಣ್ಣ ಗಾಡಿ, ಬಣ್ಣದ ಖರ್ಚು ಅಷ್ಟೇನಿಲ್ಲ. ದುಡ್ಡು ಹೋಗುವುದು ಬಣ್ಣದ ಕೆಳಗಿನ ಕೆಲಸಕ್ಕೆ. ರೇಟ್ ಇಳಿಸಿದಾಗ ಮೊದಲು ಮಾಯವಾಗುವುದೂ ಅದೇ, ಯಾಕಂದ್ರೆ ಡೆಲಿವರಿ ದಿನ ಅದು ಕಣ್ಣಿಗೆ ಕಾಣುವುದಿಲ್ಲ.

ಮೊದಲು ನೀವೇ ತುಕ್ಕು ಹುಡುಕಿ. ಒಳಗಿನ ಮ್ಯಾಟ್ ಎಲ್ಲ ಎತ್ತಿ. ಬಾಗಿಲ ಬುಡ, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ರಬ್ಬರ್ ಬೀಡಿಂಗಿನ ಅಂಚು, ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡಿನ ಸದ್ದು ಬೇರೆ, ಕೊಳೆತದ್ದರ ಸದ್ದು ಬೇರೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಹಳೆ ಪುಟ್ಟಿ ದಪ್ಪಕ್ಕೆ ಕೂತಿದೆ ಅಂತ ಅರ್ಥ. ಬಾಗಿಲಿನ ಅಡಿಯಲ್ಲಿ ನೀರು ಇಳಿದು ಹೋಗಲು ಸಣ್ಣ ತೂತುಗಳಿರ್ತವೆ, ನಮ್ಮ ಕೆಂಪು ಮಣ್ಣು ಕಟ್ಟಿ ಅವು ಮುಚ್ಚಿ ಹೋಗ್ತವೆ. ನೀರು ಒಳಗೇ ನಿಂತು ತಗಡು ಒಳಗಿನಿಂದ ಹೊರಗೆ ತಿನ್ನುತ್ತದೆ. ನಿಮ್ಮ ಗುಳ್ಳೆ ಅದೇ ಇರಬೇಕು. ಆ ತೂತು ಬಿಡಿಸದೆ ಮೇಲಿಂದ ಎಷ್ಟು ಬಳಿದರೂ ವೇಸ್ಟ್.

ತುಕ್ಕು ತಿಂದು ತೂತು ಬಿದ್ದಲ್ಲಿ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಬ್ಯಾಟರಿ ಕಳಚಿ, ಒಳಗಿನ ಮ್ಯಾಟ್ ತೆಗೆದ ಮೇಲೆಯೇ ವೆಲ್ಡಿಂಗ್. ಮೇಲ್ಮೇಲಿನ ತುಕ್ಕಾದರೆ ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಿ, ಅದೇ ದಿನ ಪ್ರೈಮರ್ ಆಗಬೇಕು. ನಮ್ಮ ಗಾಳಿಗೆ ಬೋಳು ತಗಡು ರಾತ್ರಿ ಇಟ್ಟರೆ ಬೆಳಿಗ್ಗೆಗೆ ಕೆಂಪಾಗಲು ಶುರು.

ಮತ್ತೆ ಯಾವ ಬಣ್ಣ ಹಾಕ್ತೀರಿ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿ. ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣ) ಅಗ್ಗ, ಬೇಗ ಒಣಗ್ತದೆ, ಆದರೆ ಹೊಳಪು ಬೇಗ ಹೋಗ್ತದೆ, ಪೆಟ್ರೋಲ್ ಚೆಲ್ಲಿದರೆ ಹಾಳಾಗ್ತದೆ. ಪಿಯುಗೆ (ಪಾಲಿಯುರೆಥೇನ್ ಬಣ್ಣಕ್ಕೆ) ಗಟ್ಟಿಯಾಗಲು ಹಾರ್ಡನರ್ ಸೇರಿಸ್ತಾರೆ, ಬಾಳಿಕೆ ಜಾಸ್ತಿ. ನಾಲ್ಕೈದು ವಾರ ಕಳೆದ ಮೇಲೆ ಕಾಣದ ಜಾಗದಲ್ಲಿ ಥಿನ್ನರ್ ಬಟ್ಟೆಯಿಂದ ಒರೆಸಿ ನೋಡಿ, ಬಣ್ಣ ಕರಗಿ ಬಟ್ಟೆಗೆ ಬಂದರೆ ಹಾಕಿದ್ದು ಎನ್‌ಸಿ. ಪಿಯು ಮನೆಯಂಗಳದಲ್ಲಿ ನೀವೇ ಹೊಡೆಯಲು ಹೋಗ್ಬೇಡಿ, ಆ ಹಾರ್ಡನರಿನ ಆವಿ ಶ್ವಾಸಕೋಶಕ್ಕೆ ಕೆಟ್ಟದು, ಮೂಗಿಗೆ ಟವೆಲ್ ಕಟ್ಟಿದರೆ ಸಾಲುವುದಿಲ್ಲ.

ಕಂಕನಾಡಿಯಿಂದ:

ನಾನು ಫುಲ್ ಬಾಡಿ ಮಾಡಿಸಲೇ ಇಲ್ಲ ಅಣ್ಣ. ನನ್ನದೂ ಬಿಳಿ, ನಿಮ್ಮದಕ್ಕಿಂತ ಎರಡು ವರ್ಷ ಹಳತು. ಬಾಗಿಲಿನ ಬಿಳಿಯ ಮೇಲೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ತಿಕ್ಕಿ ಹೊಳಪು ತರಿಸುವ ಪೇಸ್ಟ್) ಹಾಕಿ ಒದ್ದೆ ಬಟ್ಟೆಯಲ್ಲಿ ತಿಕ್ಕಿ ನೋಡಿ. ಬಟ್ಟೆಗೆ ಬಿಳಿ ಬಂದು, ಕೆಳಗೆ ಹೊಳಪು ಕಂಡರೆ ಬಣ್ಣ ಇನ್ನೂ ಜೀವಂತ ಇದೆ. ನಾನು ನಾಲ್ಕು ಭಾನುವಾರ ಕೂತು ಬಾಗಿಲು, ಫೆಂಡರ್ ಎಲ್ಲ ಕೈಯಲ್ಲೇ ಪಾಲಿಶ್ ಮಾಡಿದೆ (ಭುಜ ಬಿದ್ದು ಹೋಯ್ತು, ಅದು ಬೇರೆ ಕಥೆ). ಬಿಸಿಲಿಗೆ ಪೂರ್ತಿ ಸತ್ತದ್ದು ಬಾನೆಟ್, ರೂಫ್ ಮಾತ್ರ. ಅವೆರಡಕ್ಕೆ ಪಿಯು, ಬಾಗಿಲ ಬುಡಕ್ಕೆ ತಗಡು, ಒಟ್ಟು 13 ಸಾವಿರ ಚಿಲ್ಲರೆ ಆಯ್ತು. ಸಾದಾ ಬಿಳಿಯಾದ ಕಾರಣ ಹೊಂದಿಕೆ ಆಯ್ತು, ಸಿಲ್ವರ್ ಆಗಿದ್ದರೆ ಪಕ್ಕದ ಪ್ಯಾನೆಲ್ ಬೇರೆಯೇ ಕಾಣ್ತಿತ್ತು. ಬಂಪರ್, ಲೈಟು, ಹ್ಯಾಂಡಲ್ ನಾನೇ ಬಿಚ್ಚಿ, ಸ್ಕ್ರೂಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಹೆಸರು ಬರೆದಿಟ್ಟು ಕಾರು ಕೊಟ್ಟೆ. ಮಜೂರಿ ಕಮ್ಮಿ ಮಾಡಿದರು, ರಬ್ಬರ್ ಮೇಲೆ ಬಣ್ಣ ಹಾರಿದ್ದೂ ಇಲ್ಲ.

ಮಗಳ ನೀಲಿಯ ಬಗ್ಗೆ, ಬ್ರಹ್ಮಾವರದಿಂದ:

ಬೇಡ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರ್ತದೆ, ಬದಲಾಯಿಸಿದರೆ ಆರ್‌ಟಿಒದಲ್ಲಿ ತಿದ್ದಿಸಬೇಕು. ಹೇಗೂ ರಿನ್ಯೂವಲಿನ ಅರ್ಜಿ ಫಾರಂ 25 ಹಿಡ್ಕೊಂಡು ಗಾಡಿ ತೋರಿಸಲು ಹೋಗುವವರು ನೀವು. ಅದಲ್ಲದೆ ಎಂಟುನೂರರ ಬಾಗಿಲಿನ ಒಳಮೈಯಲ್ಲೂ ತಗಡು ಕಾಣ್ತದೆ, ಬಾನೆಟ್ ಎತ್ತಿದರೂ ಬಿಳಿ. ಅಷ್ಟನ್ನೂ ನೀಲಿ ಮಾಡಲು 20 ಸಾವಿರ ಎಲ್ಲಿ ಸಾಕು? ಮಗಳಿಗೆ ನೀಲಿ ಸೀಟ್ ಕವರ್ ಹಾಕಿಸಿ ಕೊಡಿ.

ಮಲ್ಪೆಯಿಂದ:

ಇಲ್ಲಿ ಬೋಟಿಗೆ ಹಾಕುವ ರೆಸಿನ್, ಫೈಬರ್ ಮ್ಯಾಟ್ ಸುಲಭಕ್ಕೆ ಸಿಗ್ತದೆ, ತೂತು ಬಿದ್ದ ಕಾರಿನ ಫ್ಲೋರಿಗೆ ತಗಡಿನ ಬದಲು ಅದನ್ನೇ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ನಾನು ಜೀಪಿಗೆ ಹಾಕಿದ್ದೆ. ಕೆಳಗೆ ತುಕ್ಕು ಬಿಟ್ಟು ಹಾಕಿದ ಕಾರಣ ಒಂದೇ ಮಳೆಗಾಲಕ್ಕೆ ಫೈಬರ್ ಹಾಗೆಯೇ ಉಳಿಯಿತು, ಸುತ್ತಲಿನ ತಗಡು ಹೋಯ್ತು.

ಮತ್ತೆ ಬೈಕಂಪಾಡಿಯವ:

ಟೈಮ್ ಹೇಳಲು ಮರೆತೆ. ಆಯುಧ ಪೂಜೆಗೆ ಮೊದಲು ಯಾರಿಗೂ ಗಾಡಿ ಕೊಡಬೇಡಿ, ಆಗ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಎಲ್ಲ ಅರೆಬರೆ. ಡಿಸೆಂಬರ್, ಜನವರಿ ಒಳ್ಳೆಯದು. ಬಣ್ಣ ಆದ ಮೇಲೆ ಒಂದು ತಿಂಗಳು ವ್ಯಾಕ್ಸ್ ಬೇಡ. ಒದ್ದೆ ಗಾಡಿಗೆ ಕವರ್ ಯಾವತ್ತೂ ಬೇಡ.

ಕೇಳಿದವರು:

ಇವತ್ತು ಮ್ಯಾಟ್ ಎತ್ತಿದೆ. ಡ್ರೈವರ್ ಕಾಲಡಿ ಒಂದು ಕಡೆ ಸ್ಕ್ರೂಡ್ರೈವರ್ ಸೀದಾ ಕೆಳಗೆ ಹೋಯ್ತು, ಅಂಗಳದ ಇಂಟರ್‌ಲಾಕ್ ಕಾಣ್ತದೆ. ಬಾಗಿಲಿನ ತೂತಿಗೆ ಕಡ್ಡಿ ಹಾಕಿದೆ, ಅರ್ಧ ಚೊಂಬು ಕೆಂಪು ನೀರು ಬಂತು. ಪಕ್ಕದ ಬಾಗಿಲಿಗೆ ಕಾಂಪೌಂಡ್ ತಿಕ್ಕಿದ್ರೆ ಹೊಳೀತಾ ಉಂಟು. ಹಾಗಾಗಿ ತಗಡಿನ ಕೆಲಸ ಈ ತಿಂಗಳು, ರೂಫ್ ಮತ್ತು ಬಾನೆಟ್ ಡಿಸೆಂಬರಿಗೆ. ಸೀಟ್ ಕವರಿನ ವಿಷಯ ಮಗಳಿಗೆ ಇನ್ನೂ ಹೇಳಿಲ್ಲ.