ಮಾರ್ಕ್‌ಡೌನ್ ಕೈಪಿಡಿಯಲ್ಲಿ ಹಂತಗಳ ಸಂಖ್ಯೆ ನಡುವೆ ಮತ್ತೆ 1ರಿಂದ ಶುರುವಾಗುತ್ತಿದೆ

ಪ್ರಶ್ನೆ

ಮಾನ್ಯರೇ, ಕೃಷಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಒಂದಕ್ಕೆ ಕನ್ನಡದಲ್ಲಿ ಅಳವಡಿಕೆಯ ಕೈಪಿಡಿ ಬರೆಯುತ್ತಿದ್ದೇನೆ. ಸರಳ ಚಿಹ್ನೆಗಳಿಂದ ಪಠ್ಯದ ವಿನ್ಯಾಸ ಸೂಚಿಸುವ ಮಾರ್ಕ್‌ಡೌನ್‌ನಲ್ಲಿ ಬರೆದು, ಅದನ್ನು ವೆಬ್ ಪುಟಗಳಾಗಿಸುವ ಎಂಕೆಡಾಕ್ಸ್ ಎಂಬ ಸಾಧನದ ಮೂಲಕ ಪುಟಗಳನ್ನು ಸಿದ್ಧಪಡಿಸುತ್ತೇನೆ. ವೈರಿಂಗ್ ಅಧ್ಯಾಯದಲ್ಲಿ 14 ಹಂತಗಳಿದ್ದು, ಮೂರನೆಯ ಹಂತದ ಕೆಳಗೆ ಒಂದು ಸಾಲು ಬಿಟ್ಟು, ಮೂರು ಸ್ಪೇಸ್ ಒಳಕ್ಕೆ, ಮೇನ್ ಸ್ವಿಚ್ ಆಫ್ ಆಗಿರುವುದನ್ನು ಟೆಸ್ಟರ್‌ನಿಂದ ಖಚಿತಪಡಿಸಿಕೊಳ್ಳಬೇಕೆಂಬ ಸೂಚನೆ ಬರೆದಿದ್ದೇನೆ. ನಾನು ಬರೆಯಲು ಬಳಸುವ ವಿಎಸ್ ಕೋಡ್ ಎಡಿಟರ್‌ನ ಮುನ್ನೋಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಿದ್ಧವಾದ ಪುಟದಲ್ಲಿ ಮಾತ್ರ ಆ ಸೂಚನೆ ಎಡ ಅಂಚಿಗೆ ಬಂದು ನಿಲ್ಲುತ್ತದೆ, ನಾಲ್ಕನೆಯ ಹಂತಕ್ಕೆ 1 ಎಂಬ ಸಂಖ್ಯೆ ಬೀಳುತ್ತದೆ. ಕರಡು ಓದಿದ ಎಲೆಕ್ಟ್ರಿಷಿಯನ್ ಒಬ್ಬರು, ‘2ನೇ ಹಂತ ನೋಡಿ ಅಂತ ಬರೆದಿದ್ದೀರಿ, ಇಲ್ಲಿ ಎರಡು ಕಡೆ 2 ಇದೆಯಲ್ಲ, ಯಾವುದನ್ನು ನೋಡಲಿ?’ ಎಂದು ಕೇಳಿದರು. ಕರೆಂಟಿನ ಕೆಲಸದಲ್ಲಿ ಇಂಥ ಗೊಂದಲಕ್ಕೆ ಎಡೆಯಿರಬಾರದು. ಸಂಖ್ಯೆಗಳನ್ನು ೧, ೨ ಎಂದು ಕನ್ನಡ ಅಂಕಿಗಳಲ್ಲಿ ಬರೆದೂ ನೋಡಿದೆ, ಆಗ ಮುನ್ನೋಟದಲ್ಲಿ ಪಟ್ಟಿಯೇ ಮೂಡಲಿಲ್ಲ. ತಪ್ಪು ಎಲ್ಲಿದೆ?

ಉತ್ತರ 1

ಎಂಕೆಡಾಕ್ಸ್‌ನ ಸೆಟ್ಟಿಂಗ್ಸ್ ಕಡತದಲ್ಲಿ ‘ಸೇನ್ ಲಿಸ್ಟ್ಸ್’ ಎಂಬ ವಿಸ್ತರಣೆಯನ್ನು ಸೇರಿಸಿ ನೋಡಿ. ಪಟ್ಟಿ ತುಂಡಾದರೂ ನೀವು ಬರೆದ ಸಂಖ್ಯೆಯಿಂದಲೇ ಮುಂದುವರಿಯುತ್ತದೆ.

ಉತ್ತರ 2

ಮೇಲಿನ ಸಲಹೆಯಿಂದ ಸಂಖ್ಯೆ ಸರಿಹೋಗುವುದು ನಿಜ, ಆದರೆ ಪಟ್ಟಿ ತುಂಡಾಗಿಯೇ ಉಳಿಯುತ್ತದೆ ಮತ್ತು ಸೂಚನೆ ತನ್ನ ಹಂತದ ಹೊರಗೇ ನಿಲ್ಲುತ್ತದೆ. ಆದ್ದರಿಂದ ಮೂಲವನ್ನೇ ಸರಿಪಡಿಸುವುದು ಒಳ್ಳೆಯದು.

ನಿಮ್ಮ ಮುನ್ನೋಟವೂ ಎಂಕೆಡಾಕ್ಸೂ ಮಾರ್ಕ್‌ಡೌನನ್ನು ಓದುವ ರೀತಿ ಬೇರೆ ಬೇರೆ. ಮುನ್ನೋಟವು ಕಾಮನ್‌ಮಾರ್ಕ್ ನಿಯಮವನ್ನು ಅನುಸರಿಸುತ್ತದೆ. ಆ ನಿಯಮದಲ್ಲಿ ಹಂತದ ಮೊದಲ ಅಕ್ಷರ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಯವರೆಗೆ ಒಳಸರಿಸಿದ ಪ್ಯಾರಾ ಆ ಹಂತಕ್ಕೆ ಸೇರುತ್ತದೆ. ‘3.’ ಮತ್ತು ಒಂದು ಸ್ಪೇಸ್ ಸೇರಿ ಮೂರು ಸ್ಥಾನಗಳಾಗುವುದರಿಂದ ನಿಮ್ಮ ಮೂರು ಸ್ಪೇಸ್ ಅಲ್ಲಿ ಸಾಕಾಯಿತು. ಎಂಕೆಡಾಕ್ಸ್ ಬಳಸುವುದು ಪೈಥಾನ್-ಮಾರ್ಕ್‌ಡೌನ್ ಎಂಬ ಬೇರೆ ತಂತ್ರಾಂಶವನ್ನು. ಅದಕ್ಕೆ ಹಂತದ ಸಂಖ್ಯೆ ಎಷ್ಟೇ ಅಗಲವಾಗಿದ್ದರೂ ಪ್ರತಿ ಮಟ್ಟಕ್ಕೆ 4 ಸ್ಪೇಸ್ ಬೇಕು. ಮೂರೇ ಸಿಕ್ಕಾಗ ಅದು ಪಟ್ಟಿ ಮುಗಿಯಿತೆಂದು ತಿಳಿದು, ಮುಂದಿನ ಹಂತವನ್ನು ಹೊಸ ಪಟ್ಟಿಯೆಂದು ಭಾವಿಸಿ, ನೀವು ಬರೆದ ಸಂಖ್ಯೆಯನ್ನು ಲೆಕ್ಕಿಸದೆ 1ರಿಂದ ಎಣಿಸುತ್ತದೆ.

ಮುನ್ನೋಟದ ನಿಯಮದಲ್ಲಿಯೂ ಮೂರು ಸ್ಪೇಸ್‌ಗಳ ಅಭ್ಯಾಸ ಹತ್ತನೆಯ ಹಂತದಲ್ಲಿ ಕೈಕೊಡುತ್ತದೆ ಎಂಬುದನ್ನು ಗಮನಿಸಿ, ಏಕೆಂದರೆ ‘10.’ ಮತ್ತು ಒಂದು ಸ್ಪೇಸ್ ಸೇರಿದರೆ ನಾಲ್ಕು ಸ್ಥಾನ. ನಾನು ಒಂದಂಕಿಯ ಹಂತಗಳಲ್ಲಿ ಚುಕ್ಕಿಯ ನಂತರ ಎರಡು ಸ್ಪೇಸ್, ಎರಡಂಕಿಯ ಹಂತಗಳಲ್ಲಿ ಒಂದು ಸ್ಪೇಸ್ ಕೊಡುತ್ತೇನೆ. ಆಗ ಎಲ್ಲ ಹಂತಗಳ ಮಾತೂ ಒಂದೇ ಗೆರೆಯಲ್ಲಿ ನಿಲ್ಲುತ್ತದೆ, ಸೂಚನೆಗಳನ್ನು 4 ಸ್ಪೇಸ್ ಒಳಸರಿಸಿದರೆ ಎರಡೂ ಕಡೆ ಸರಿಹೊಂದುತ್ತದೆ:

```
9.  ಸ್ಟಾರ್ಟರ್‌ನ ಮುಚ್ಚಳ ತೆಗೆಯಿರಿ.

    ಸೂಚನೆ: ತಿರುಪುಗಳನ್ನು ಜೋಪಾನವಾಗಿಡಿ.

10. ಮೂರೂ ಫೇಸ್ ತಂತಿಗಳನ್ನು ಜೋಡಿಸಿ.

    - ತಂತಿಯ ತುದಿಗೆ ಲಗ್ ಹಾಕಿ.
    - ತಿರುಪನ್ನು ಬಿಗಿಗೊಳಿಸಿ.
```

ಉಪಪಟ್ಟಿಯೊಳಗೆ ಇನ್ನೊಂದು ಉಪಪಟ್ಟಿ ಬಂದರೆ 8 ಸ್ಪೇಸ್. ಎಡಿಟರ್‌ನಲ್ಲಿ ಟ್ಯಾಬ್ ಒತ್ತಿದಾಗ ನಾಲ್ಕು ಸ್ಪೇಸ್ ಬೀಳುವಂತೆ ಹೊಂದಿಸಿಕೊಂಡರೆ ಎಣಿಸುವ ಕೆಲಸ ತಪ್ಪುತ್ತದೆ. ಸೇವ್ ಮಾಡಿದಾಗ ತಾನಾಗಿ ಸಾಲುಗಳನ್ನು ಜೋಡಿಸುವ ಫಾರ್ಮ್ಯಾಟರ್ ಇದ್ದರೆ, ಅದು ಈ ಸ್ಪೇಸ್‌ಗಳನ್ನು ಕಡಿಮೆ ಮಾಡುತ್ತಿಲ್ಲವೆಂದು ನೋಡಿಕೊಳ್ಳಿ.

ಇನ್ನು ಕನ್ನಡ ಅಂಕಿಗಳ ವಿಚಾರ. ಕಾಮನ್‌ಮಾರ್ಕ್ ನಿಯಮದಂತೆ ಮೂಲದಲ್ಲಿ 0ರಿಂದ 9ರವರೆಗಿನ ಅಂಕಿಗಳೇ ಇರಬೇಕು. ಪುಟದಲ್ಲಿ ೧, ೨ ಎಂದು ಕಾಣಬೇಕಾದರೆ, ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್‌ನ ಲಿಸ್ಟ್-ಸ್ಟೈಲ್-ಟೈಪ್ ಎಂಬ ಗುಣಕ್ಕೆ ‘ಕನ್ನಡ’ ಎಂಬ ಮೌಲ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಸ್ಟಾರ್ಟರ್‌ನ ಟರ್ಮಿನಲ್‌ಗಳ ಮೇಲೆ 1, 2 ಎಂದೇ ಅಚ್ಚಾಗಿದ್ದರೆ ಇದು ವಾಸ್ತವವಾಗಿ ಅನುಕೂಲವೇ ಆಗುತ್ತದೆ: ಹಂತಕ್ಕೆ ಒಂದು ಬಗೆಯ ಅಂಕಿ, ಟರ್ಮಿನಲ್‌ಗೆ ಇನ್ನೊಂದು ಬಗೆ. ಆದರೆ ಓದುವವರಿಗೆ ಕನ್ನಡ ಅಂಕಿಗಳು ರೂಢಿಯಲ್ಲಿವೆಯೇ ಎಂದು ಮೊದಲು ನಾಲ್ಕು ಜನರನ್ನು ಕೇಳಿ ನೋಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಮೇನ್ ಸ್ವಿಚ್ ಕುರಿತ ಎಚ್ಚರಿಕೆಯನ್ನು ಮೂರನೆಯ ಹಂತದ ಕೆಳಗೆ ಇಡಬೇಡಿ. ಹಂತವನ್ನು ಓದಿದವರು ಮೊದಲು ಕೈ ಹಾಕುತ್ತಾರೆ, ಕೆಳಗಿನ ಸಾಲನ್ನು ಆಮೇಲೆ ಓದುತ್ತಾರೆ. ಅದು ಮೊದಲನೆಯ ಹಂತವೇ ಆಗಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಎಚ್ಚರಿಕೆಯನ್ನು ಮೊದಲನೆಯ ಹಂತವಾಗಿಸಿದ್ದೇನೆ. ಈಗ ಒಟ್ಟು 15 ಹಂತಗಳು. ಏಳನೆಯ ಹಂತವೊಂದನ್ನು ಬಿಟ್ಟು ಉಳಿದೆಲ್ಲವೂ ಸರಿಯಾಗಿವೆ. ಅಲ್ಲಿಯೂ ನಾಲ್ಕು ಸ್ಪೇಸ್ ಇವೆ, ಎಣಿಸಿ ನೋಡಿದ್ದೇನೆ, ಆದರೂ ಸೂಚನೆ ಹೊರಗೇ ಬರುತ್ತಿದೆ.

ಉತ್ತರ 2

ಆ ಸಾಲನ್ನು ವರ್ಡ್ ಕಡತದಿಂದಲೋ ವೆಬ್ ಪುಟದಿಂದಲೋ ಕಾಪಿ ಮಾಡಿದ್ದೀರಾ? ಹಾಗಿದ್ದರೆ ಅಲ್ಲಿರುವುದು ಸಾಮಾನ್ಯ ಸ್ಪೇಸ್ ಆಗಿರದೆ, ಸಾಲು ಮುರಿಯದಂತೆ ತಡೆಯುವ ಬೇರೊಂದು ಅಕ್ಷರವಾಗಿರಬಹುದು. ಕಣ್ಣಿಗೆ ಎರಡೂ ಒಂದೇ. ಒಳಸರಿತದ ಲೆಕ್ಕಕ್ಕೆ ಮಾತ್ರ ಅದು ಬರುವುದಿಲ್ಲ. ಸಾಲಿನ ಆರಂಭದ ಖಾಲಿ ಜಾಗವನ್ನೆಲ್ಲ ಅಳಿಸಿ, ಸ್ಪೇಸ್ ಬಾರನ್ನು ನಾಲ್ಕು ಸಲ ಒತ್ತಿ.

ಪ್ರಶ್ನೆ ಕೇಳಿದವರು

ಅದೇ ಆಗಿತ್ತು. ಹಳೆಯ ವರ್ಡ್ ಕಡತದಿಂದ ತಂದ ಸಾಲು ಅದು. ಅಳಿಸಿ ಹೊಸದಾಗಿ ಒತ್ತಿದ ಮೇಲೆ ಸೂಚನೆ ಏಳನೆಯ ಹಂತದೊಳಗೆ ಹೋಗಿ ಕುಳಿತಿತು, 1ರಿಂದ 15ರವರೆಗೆ ಸಂಖ್ಯೆ ಎಲ್ಲಿಯೂ ತುಂಡಾಗಿಲ್ಲ. ತಿದ್ದಿದ ಪುಟವನ್ನು ಅದೇ ಎಲೆಕ್ಟ್ರಿಷಿಯನ್‌ರಿಗೆ ಕಳುಹಿಸಿದ್ದೇನೆ.